ಕ್ಲಬ್‌ನಲ್ಲಿ ಆರ್ಗನ್ ನುಡಿಸುವವರು ಹೆಡ್‌ಫೋನ್ ಜ್ಯಾಕ್ ಬಗ್ಗೆ ಹುಷಾರಾಗಿರಿ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ಶನಿವಾರ ಸಂಜೆ ಊರಿನ ಕ್ಲಬ್‌ನಲ್ಲಿ ಎರಡು ಗಂಟೆ ಹಳೆಯ ಚಿತ್ರಗೀತೆಗಳು, ಎಲ್ಲಾ ಕೀಬೋರ್ಡಿನ ಆರ್ಗನ್ ಟೋನ್‌ನಲ್ಲೇ, ಹೆಡ್‌ಫೋನ್ ಜ್ಯಾಕ್‌ನಿಂದ ಸ್ಟೀರಿಯೋ ಕೇಬಲ್ ಎಳೆದು ನೇರ ಮಿಕ್ಸರ್‌ಗೆ, ಜೊತೆಗೆ ಸ್ವರ ಹಿಡಿದಿಡುವ ಸಸ್ಟೇನ್ ಪೆಡಲ್ ಅಂತ ಬರೆದಿದ್ದೀರಿ. ನಾನೂ ಅದೇ ಮಾಡಿದ್ದೆ. ದಯವಿಟ್ಟು ಆ ಕೇಬಲ್ ಮನೆಯಲ್ಲೇ ಬಿಟ್ಟು ಹೋಗಿ.

ನಮ್ಮೂರ ಕ್ಲಬ್‌ನ ವಾರ್ಷಿಕೋತ್ಸವ ಅದು. ಒಂದು ತಿಂಗಳು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಿದ್ದೆ. ಬೇಸ್ ಗಟ್ಟಿಯಾಗಿತ್ತು, ರಿದಮ್ ಕಿವಿ ತುಂಬುತ್ತಿತ್ತು. ಅಲ್ಲಿ ಹೋಗಿ ಮೊದಲ ಹಾಡು ಶುರು ಮಾಡಿದರೆ ಬೇಸ್ ಇಲ್ಲ, ಕಿಕ್ (ದೊಡ್ಡ ಡ್ರಮ್ಮಿನ ಏಟು) ಇಲ್ಲ, ಮೆಲೊಡಿ ಎಲ್ಲೋ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ, ಲೆಸ್ಲಿಯ (ತಿರುಗುವ ಸ್ಪೀಕರ್‌ನ ಎಫೆಕ್ಟ್) ಸುಳಿ ಮಾತ್ರ ಸುಯ್ ಸುಯ್ ಅಂತ ತಿರುಗುತ್ತಿದೆ. ಸೌಂಡ್ ಹುಡುಗ ಬೇಸ್ ನಾಬ್ ಪೂರ್ತಿ ತಿರುಗಿಸಿದ, ಗುಂಯ್ ಅನ್ನುವ ಸದ್ದು ಜಾಸ್ತಿ ಆಯಿತೇ ಹೊರತು ಬೇಸ್ ಬರಲಿಲ್ಲ. ಕೀಬೋರ್ಡೇ ಕೆಟ್ಟಿತು ಅಂದುಕೊಂಡೆ. ಮೂರನೇ ಹಾಡಿಗೆ ಮುಂದಿನ ಸಾಲಿನವರು ಎದ್ದು ಊಟದ ಕಡೆ ಹೋದರು. ನಮ್ಮ ತಂದೆ ಮಾತ್ರ ಕೊನೆಯವರೆಗೂ ಕೂತಿದ್ದರು. ಈಗ ನೆನೆದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕಾರಣ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್, ಟಿಪ್‌ನಲ್ಲಿ (ಪ್ಲಗ್‌ನ ತುದಿ) ಬಂದದ್ದರಿಂದ ರಿಂಗ್‌ನಲ್ಲಿ (ತುದಿಯ ಹಿಂದಿನ ಬಳೆ) ಬಂದದ್ದನ್ನು ಕಳೆಯುತ್ತದೆ. ಹೆಡ್‌ಫೋನ್ ಜ್ಯಾಕ್‌ನಲ್ಲಿ ಟಿಪ್ ಅಂದರೆ ಎಡ, ರಿಂಗ್ ಅಂದರೆ ಬಲ. ಎರಡರಲ್ಲೂ ಸಮನಾಗಿ ಇರುವ ಬೇಸ್, ಕಿಕ್, ಮಧ್ಯದ ಮೆಲೊಡಿ ಎಲ್ಲಾ ಕಳೆದು ಹೆಚ್ಚು ಕಡಿಮೆ ಸೊನ್ನೆ. ಎಡಬಲದಲ್ಲಿ ಬೇರೆ ಬೇರೆ ಇರುವ ರಿವರ್ಬ್ ಮತ್ತು ಲೆಸ್ಲಿ ಮಾತ್ರ ಉಳಿಯುತ್ತದೆ. ಸೌಂಡ್ ಹುಡುಗನ ತಪ್ಪೂ ಅಲ್ಲ, ಕೀಬೋರ್ಡಿನ ತಪ್ಪೂ ಅಲ್ಲ.

ಯಮಹಾ ಪಿಎಸ್ಆರ್-ಇ473 ಕೀಬೋರ್ಡಿನ ತರಹ ಬೇರೆ ಔಟ್‌ಪುಟ್ ಇದ್ದರೆ 'ಎಲ್/ಎಲ್+ಆರ್' ಅಂತ ಬರೆದಿರುವ ಜ್ಯಾಕ್‌ಗೆ ಮಾತ್ರ ಒಂದು ಮೋನೋ ಕೇಬಲ್ ಹಾಕಿ, ಮುಗಿಯಿತು. ಇ373 ತರಹ ಹೆಡ್‌ಫೋನ್ ಜ್ಯಾಕ್ ಒಂದೇ ಇದ್ದರೆ ವೈ ಕೇಬಲ್ ತೆಗೆದುಕೊಳ್ಳಿ. ಒಂದು ಕಡೆ ಸ್ಟೀರಿಯೋ, ಇನ್ನೊಂದು ಕಡೆ ಎರಡು ಮೋನೋ. ಎರಡನ್ನೂ ಎರಡು ಚಾನೆಲ್‌ಗೆ ಕೊಡಿ. ಮಿಕ್ಸರ್ ದೂರ ಇದ್ದರೆ ನಡುವೆ ಡಿಐ ಬಾಕ್ಸ್ (ಸಿಗ್ನಲ್ಲನ್ನು ಉದ್ದ ಕೇಬಲ್‌ಗೆ ತಕ್ಕಂತೆ ಬ್ಯಾಲೆನ್ಸ್ಡ್ ಮಾಡುವ ಡಬ್ಬಿ) ಬೇಕೇ ಬೇಕು. ಬೆಹ್ರಿಂಗರ್‌ನದೇ ಸಾಕು, ನಮ್ಮಂಥವರಿಗೆ ರೇಡಿಯಲ್ ಕಂಪನಿಯದರ ಬೆಲೆ ಕೊಡುವ ಅಗತ್ಯ ಇಲ್ಲ. ಗುಂಯ್ ಅಂದರೆ ಡಿಐನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಕೀಬೋರ್ಡ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ತೆಗೆದುಕೊಳ್ಳಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾರು ಹೇಳಿದರೂ ಕೀಳಬೇಡಿ. ಜೀವದ ಪ್ರಶ್ನೆ ಅದು.

ಈಗ ಸಸ್ಟೇನ್ ಪೆಡಲ್. ಇದಕ್ಕೆ ನಿಮ್ಮನ್ನು ಬೈಯಲೇಬೇಕು. ಪಿಯಾನೋ ಸ್ವರ ತಾನಾಗಿ ಇಳಿಯುತ್ತದೆ, ಆರ್ಗನ್ ಸ್ವರ ಇಳಿಯುವುದಿಲ್ಲ. ಪೆಡಲ್ ಒತ್ತಿ ಹಿಡಿದರೆ ಒಂದರ ಮೇಲೊಂದು ಕೂತು ಎಲ್ಲಾ ಗೊಜ್ಜು ಆಗುತ್ತದೆ. ಬೆರಳು ಬದಲಿಸಿಯೇ ಲೆಗಾಟೋ (ಸ್ವರ ಕಡಿಯದೆ ನುಡಿಸುವುದು) ತರಬೇಕು. ಕೀ ಜೋರಾಗಿ ಕುಟ್ಟಿದರೆ ಸದ್ದು ಹೆಚ್ಚುವುದೂ ಇಲ್ಲ. 1935ರ ಮೊದಲ ಹ್ಯಾಮಂಡ್ ಆರ್ಗನ್‌ನಿಂದಲೂ ಆ ಕೆಲಸ, ಕಾಲಿನಲ್ಲಿ ಸದ್ದು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್‌ನದು. ಹಾರ್ಮೋನಿಯಂನಲ್ಲಿ ತಿದಿ ಒತ್ತುವ ಕೈ ಇದೆಯಲ್ಲ, ಇಲ್ಲಿ ಅದು ನಿಮ್ಮ ಬಲಗಾಲು. ಸಾಲು ಎತ್ತುವಾಗ ಸ್ವಲ್ಪ ಒತ್ತಿ, ಮುಗಿಯುವಾಗ ಬಿಡಿ, ಅಷ್ಟಕ್ಕೇ ಹಾಡು ಉಸಿರಾಡುತ್ತದೆ. ಯಮಹಾದ ಎಫ್‌ಸಿ7 ಪ್ಲಾಸ್ಟಿಕ್ ಆದರೂ ಗಟ್ಟಿ. ಆದರೆ ರೋಲ್ಯಾಂಡ್‌ನ ವೈರಿಂಗ್ ಬೇರೆ, ಒಂದರ ಪೆಡಲ್ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ನೋಡಿ ಕೊಳ್ಳಿ. ಕೀಬೋರ್ಡಿನಲ್ಲಿ ಎಕ್ಸ್‌ಪ್ರೆಶನ್ ಜ್ಯಾಕ್ ಇಲ್ಲದಿದ್ದರೆ ಔಟ್‌ಪುಟ್ ಕೇಬಲ್‌ನ ನಡುವೆ ವಾಲ್ಯೂಮ್ ಪೆಡಲ್ ಹಾಕಬಹುದು.

ಲೆಸ್ಲಿ ಇಡೀ ಹಾಡು ಫಾಸ್ಟ್‌ನಲ್ಲಿ ಬಿಡಬೇಡಿ, ಕೇಳುವವರಿಗೆ ತಲೆ ಸುತ್ತುತ್ತದೆ. ನಾನು ಸ್ಲೋನಲ್ಲೇ ನುಡಿಸಿ, ಉದ್ದ ಸ್ವರ ಬಂದಾಗ ಮಾತ್ರ ಫಾಸ್ಟ್‌ಗೆ ಹಾಕುತ್ತೇನೆ. ಆ ವೇಗ ಏರುವ ಒಂದೆರಡು ಸೆಕೆಂಡೇ ಆರ್ಗನ್‌ನ ಸೊಗಸು. ಡ್ರಾಬಾರ್ (ಟೋನ್ ಬೆರೆಸುವ ಎಳೆ-ಪಟ್ಟಿಗಳು) ಇದ್ದರೆ ಮೊದಲ ಮೂರು ಪೂರ್ತಿ ಎಳೆದು ಉಳಿದ ಆರು ಒಳಗೆ ತಳ್ಳಿ ಶುರು ಮಾಡಿ. ಪರ್ಕಷನ್ (ಸ್ವರದ ಆರಂಭಕ್ಕೆ ಸೇರುವ ಏಟಿನ ಸದ್ದು) ಆನ್ ಇದ್ದರೆ ಎಲ್ಲಾ ಬೆರಳು ಎತ್ತಿ ಮತ್ತೆ ಒತ್ತಿದಾಗ ಮಾತ್ರ 'ಟಕ್' ಅನ್ನುತ್ತದೆ, ಅದು ಕೆಟ್ಟಿದೆ ಅಂತ ಅಲ್ಲ.

ಪುಂಗಿ ಟ್ಯೂನ್ ಯಾರಾದರೂ ಕೇಳಿಯೇ ಕೇಳುತ್ತಾರೆ, ಅಲ್ವಾ? 1954ರ ಹಿಂದಿ ಚಿತ್ರ 'ನಾಗಿನ್'ಗೆ ಕಲ್ಯಾಣ್‌ಜಿ ಅದನ್ನು ನುಡಿಸಿದ್ದು ಕ್ಲಾವಿಯೋಲಿನ್ ಅನ್ನುವ ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡ್ ಮೇಲೆ. ಅದರಲ್ಲಿ ಒಮ್ಮೆಗೆ ಒಂದೇ ಸ್ವರ ಬರುತ್ತಿತ್ತು. ಹಾಗಾಗಿ ಆರ್ಗನ್ ಟೋನ್ ಬಿಟ್ಟು ಲೀಡ್ ಟೋನ್ ಹಾಕಿ, ಮೋನೋ ಮೋಡ್ (ಒಮ್ಮೆಗೆ ಒಂದೇ ಸ್ವರ), ಪೋರ್ಟಮೆಂಟೋ (ಸ್ವರದಿಂದ ಸ್ವರಕ್ಕೆ ಜಾರುವುದು) ಸ್ವಲ್ಪ. ಸಭಿಕರು ಜೊತೆಗೆ ಹಾಡುತ್ತಾರೆ ಅಂತಾದರೆ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಬಟನ್) ಎರಡು ಇಳಿಸಿ, ಹಾಡು ಮುಗಿದ ಕೂಡಲೇ ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹಾಡಿಗೆ ಕೊಳಲಿನವರು ಬಂದಾಗ ಕಷ್ಟ.

ಶನಿವಾರ ಮಧ್ಯಾಹ್ನವೇ ಹೋಗಿ ಕೇಬಲ್ ಹಾಕಿ, ಹಾಲ್‌ನ ಕೊನೆಯ ಕುರ್ಚಿಯಲ್ಲಿ ಕೂತು ಕೇಳಿ. ಬೇರೆ ಯಾರಿಗಾದರೂ ನುಡಿಸಲು ಹೇಳಿ, ಇಲ್ಲದಿದ್ದರೆ ರಿದಮ್ ಒಂದನ್ನೇ ಓಡಲು ಬಿಡಿ. ಕಿಕ್ ಕೇಳುತ್ತಿದ್ದರೆ ಕೇಬಲ್ ಸರಿ ಇದೆ. ಕೀಬೋರ್ಡಿನ ಹಿಂಭಾಗದ ಫೋಟೋ ಇಲ್ಲಿ ಹಾಕಿ ಸರ್, ಯಾವ ಕೇಬಲ್ ಅಂತ ಇವತ್ತೇ ಹೇಳುತ್ತೇನೆ.