ಬರ್ಚ್ ಟೇಬಲ್ಲಿಗೆ ಕಪ್ಪು ಮರ ಯಾವುದು?

ಬಿಳಿಚು ಬರ್ಚ್ ಮರದ ಟೇಬಲ್ಲಿನ ಡ್ರಾಯರ್ ಹಿಡಿಗೆ, ಮೇಲಿನ ಪಟ್ಟಿಗೆ ಕಡು ಕಂದು ವಾಲ್ನಟ್ ಮರ ಹಾಕಲಾ, ಕೆಂಪು ಪಡೌಕ್ ಮರ ಹಾಕಲಾ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ವಾಲ್ನಟ್ ಹಾಕಿ.

ಅಂಗಡಿಯಲ್ಲಿ ಪಡೌಕ್ ಕುಂಕುಮದ ಹಾಗೆ ಕೆಂಪಗೆ ಹೊಳೆಯುತ್ತೆ, ಆಸೆಯಾಗೋದು ಸಹಜ. ಆದ್ರೆ ಬೆಳಕಿಗೆ ಬಿದ್ದು ಬಿದ್ದು ಕೊನೆಗೆ ಕಂದು ಬಣ್ಣಕ್ಕೇ ತಿರುಗುತ್ತೆ. ಅದಕ್ಕಿಂತ ದೊಡ್ಡ ತಲೆನೋವು ಅದರ ಪುಡಿ. ನಾನೊಂದು ಪೆಟ್ಟಿಗೆ ಮುಚ್ಚಳಕ್ಕೆ ಪಡೌಕ್ ಪಟ್ಟಿ ಕೂರಿಸಿ ಸ್ಯಾಂಡ್‌ಪೇಪರ್ ಉಜ್ಜಿದೆ ನೋಡಿ, ಕೆಂಪು ಪುಡಿಯೆಲ್ಲಾ ಪಕ್ಕದ ಬಿಳಿ ಬರ್ಚಿನ ರಂಧ್ರಗಳಿಗೆ ಇಳಿದು ಮುಚ್ಚಳ ಪೂರ್ತಿ ಗುಲಾಬಿ ಆಯ್ತು, ಮತ್ತೆ ಹೆರೆದು ತೆಗೆಯೋಕೆ ಅರ್ಧ ದಿನ ಹೋಯ್ತು. ಹಾಕಲೇಬೇಕು ಅಂದ್ರೆ ಉಜ್ಜಬೇಡಿ, ಸ್ಕ್ರೇಪರ್ ಅನ್ನೋ ತೆಳು ಉಕ್ಕಿನ ತಗಡಿನಲ್ಲಿ ಹೆರೆಯಿರಿ.

ಚೆರ್ರಿ ಮರ ಕೂಡ ಚೆನ್ನ, ಆದ್ರೆ ಮೊದಲ ದಿನ ಬರ್ಚ್ ಪಕ್ಕ ಎದ್ದು ಕಾಣಲ್ಲ. ಆಮೇಲೆ ನಿಧಾನಕ್ಕೆ ಕೆಂಪಾಗುತ್ತೆ. ವಾಲ್ನಟ್ ಇದಕ್ಕೆ ಉಲ್ಟಾ, ವರ್ಷ ಕಳೆದಂತೆ ಅದರ ಬಣ್ಣ ಸ್ವಲ್ಪ ತಿಳಿಯಾಗುತ್ತೆ.

ಊರಿಂದ ಬೀಟೆ ತುಂಡು ತರಿಸೋ ಯೋಚನೆ ಇದ್ರೆ ಮೊದಲು ಕಾಗದಪತ್ರ ವಿಚಾರಿಸಿ, ದೇಶದ ಗಡಿ ದಾಟಿಸೋಕೆ ಸೈಟಿಸ್ (ಅಪಾಯದಲ್ಲಿರೋ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಇದೆ.

ಪಾಲಿಶ್ ನೀರಿನ ಬೇಸಿನದ್ದೇ (ವಾಟರ್-ಬೇಸ್ಡ್) ಇರಲಿ. ಎಣ್ಣೆ ಪಾಲಿಶ್ ಹಾಕಿದ್ರೆ ಬರ್ಚ್ ಹಳದಿಯಾಗುತ್ತೆ, ಆಗ ಪಕ್ಕದ ಕಪ್ಪಿನ ಗತ್ತು ಅರ್ಧ ಕಡಿಮೆ. ಮೊದಲು ಒಂದು ಚೂರಿನ ಮೇಲೆ ಬಳಿದು ನೋಡಿ, ಅಲ್ವಾ?