ಬಣ್ಣದ ಹಿಂದೆ ಯಾರಿದ್ದಾರೆ?

ಪ್ರಶ್ನೆ: ಯಾವ ಸಿನಿಮಾ ಹಾಕಿದರೂ ನಮ್ಮ ಯಜಮಾನರು ‘ಇವನು ಆ ಅಂತರಿಕ್ಷದ ಸೀರಿಯಲ್‌ನವನು’ ಅಂತ ಮಧ್ಯೆ ಬಾಯಿ ಹಾಕುತ್ತಾರೆ. ಅಷ್ಟು ಮೇಕಪ್ ಇದ್ದರೂ ಗುರುತು ಸಿಗುತ್ತದಾ, ಇಲ್ಲಾ ಸುಮ್ನೆ ಬುರುಡೆನಾ?
– ಓದುಗರು, ಬಸವನಹಳ್ಳಿ, ಚಿಕ್ಕಮಗಳೂರು

ಉತ್ತರ: ಬುರುಡೆ ಅಲ್ಲ ಮೇಡಂ. ಮುಖ ಬಿಡಿ, ದನಿ ಕೇಳಿ. ‘ಸ್ಟಾರ್ ಟ್ರೆಕ್’ನಲ್ಲಿ ಹಣೆ ತುಂಬ ಏಣು ಅಂಟಿಸಿಕೊಂಡು ವೋರ್ಫ್ ಎಂಬ ಅನ್ಯಗ್ರಹದವನಾಗಿದ್ದ ಮೈಕಲ್ ಡಾರ್ನ್ ಮೇಕಪ್ ಇಲ್ಲದೆ ಬಂದರೆ ಗೊತ್ತಾಗುವುದು ಕಷ್ಟ, ಆದರೆ ಬಾಯಿ ತೆರೆದರೆ ಮುಗೀತು, ಆ ದನಿಯನ್ನು ಎಲ್ಲಿ ಬಚ್ಚಿಡುತ್ತಾರೆ?

ಬ್ರಿಟನ್ನಿನ ಸೀರಿಯಲ್ ‘ಡಾಕ್ಟರ್ ಹೂ’ ಇನ್ನೂ ಮಜಾ. 2008ರ ಪಾಂಪೇ ಎಪಿಸೋಡ್‌ನಲ್ಲಿ ಸಣ್ಣ ಪಾತ್ರ ಮಾಡಿದ್ದ ಕರೆನ್ ಗಿಲನ್, 2010ರಲ್ಲಿ ಅದೇ ಸೀರಿಯಲ್‌ಗೆ ಏಮಿ ಪಾಂಡ್ ಆಗಿ ಬಂದರು, ಆಮೇಲೆ 2014ರಲ್ಲಿ ತಲೆ ಬೋಳಿಸಿಕೊಂಡು, ನೀಲಿ ಬಳಿದುಕೊಂಡು ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ನೆಬ್ಯುಲಾ ಆದರು. ಅದೇ ಎಪಿಸೋಡ್‌ನಲ್ಲಿದ್ದ ಪೀಟರ್ ಕಪಾಲ್ಡಿ ಮುಂದೆ ಆ ಸೀರಿಯಲ್‌ನ ನಾಯಕ ‘ಡಾಕ್ಟರ್’ ಪಾತ್ರವನ್ನೇ ಮಾಡಿಬಿಟ್ಟರು! ಜನ ಗುರುತು ಹಿಡಿದಿದ್ದರಲ್ವಾ, 2015ರಲ್ಲಿ ಸೀರಿಯಲ್‌ನವರು ಕಪಾಲ್ಡಿಯ ಆ ಹಳೆ ಮುಖವನ್ನು ಕಥೆಯೊಳಗೇ ಎಳೆದು ತಂದರು. ಜಾಣರು.

ನಮ್ಮ ದೂರದರ್ಶನದಲ್ಲೂ ಇದೆ. 1998ರ ಅಂತರಿಕ್ಷದ ಸೀರಿಯಲ್ ‘ಕ್ಯಾಪ್ಟನ್ ವ್ಯೋಮ್’ನ ನಾಯಕ ಮಿಲಿಂದ್ ಸೋಮನ್ ‘ಬಾಜಿರಾವ್ ಮಸ್ತಾನಿ’ಯಲ್ಲಿ ಪೇಶ್ವೆ ದರ್ಬಾರಿನಲ್ಲಿ ಕಾಣುತ್ತಾರೆ. ‘ಶಕ್ತಿಮಾನ್’ ಮುಕೇಶ್ ಖನ್ನಾ ಅದಕ್ಕೂ ಮೊದಲೇ ‘ಮಹಾಭಾರತ’ದ ಭೀಷ್ಮ. ಆ ಗಡ್ಡದೊಳಗೆ ಯಾರಿದ್ದಾರೆ ಅಂತ ಹಾಸನ, ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತಿತ್ತು ಬಿಡಿ.

ಯಜಮಾನರಿಗೆ ಒಂದು ಸವಾಲು ಹಾಕಿ: ಬ್ರಿಟನ್ ರಾಜಮನೆತನದ ಸೀರಿಯಲ್ ‘ದಿ ಕ್ರೌನ್’ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಆದವರು ಯಾರು? ‘ಎಕ್ಸ್ ಫೈಲ್ಸ್’ ಸೀರಿಯಲ್‌ನಲ್ಲಿ ಸ್ಕಲ್ಲಿ ಆಗಿದ್ದ ಗಿಲಿಯನ್ ಆಂಡರ್ಸನ್. ಉತ್ತರ ನೀವು ಮಾತ್ರ ಮೊದಲೇ ಹೇಳಬೇಡಿ.