ಪತ್ರಿಕೆ ಮಾರಿದವನೂ ಕೊಂಡವನೂ ಎದುರುಬದುರು

ಕಳೆದ ಸಂಚಿಕೆಯಲ್ಲಿ ಕೆನಡಾದ ಗೋಧಿ ಸೀಮೆ ಸಸ್ಕಾಚೆವನ್ ಬಗ್ಗೆ ಒಂದು ಲೇಖನ ಬಂದಿತ್ತು. ಅಲ್ಲಿನ ಮೊದಲ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ವಾಲ್ಟರ್ ಸ್ಕಾಟ್ ಪತ್ರಿಕೆ ನಡೆಸುತ್ತಿದ್ದವನು ಅಂತ ಅದರಲ್ಲಿ ಒಂದೇ ಸಾಲಿತ್ತು. ಅಲ್ಲಿನ ರಾಜಧಾನಿ ರಿಜೈನಾದಲ್ಲಿರುವ ಮಗನ ಮನೆಗೆ ಹೋಗಿಬಂದ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಹಿಡಿದುಕೊಂಡು ಕೇಳಿದ್ದಾರೆ: ‘ಕುರ್ಚಿಗಾಗಿ ಪತ್ರಿಕೆ ಬಿಟ್ಟಿದ್ದು ಓದುಗರಿಗೆ ಮಾಡಿದ ಮೋಸ ಅಲ್ವಾ? ಆಮೇಲಾದರೂ ಆತ ಪತ್ರಿಕೆಗೆ ವಾಪಸ್ ಬಂದನಾ?’

ಮೇಷ್ಟ್ರೇ, ಮೋಸ ಅಂತ ನನಗೆ ಅನಿಸುವುದಿಲ್ಲ. ಆ ಕಾಲದ ಪ್ರೇರಿ, ಅಂದರೆ ಹುಲ್ಲುಗಾವಲು ಬಯಲಿನ ಊರುಗಳಲ್ಲಿ ಪತ್ರಿಕೆ ಅಂದರೇನೇ ಒಂದು ಪಕ್ಷದ ಪತ್ರಿಕೆ. ಯಾವ ಪಕ್ಷದ್ದು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಕಾರಣ ಹೊಟ್ಟೆಪಾಡು. ಊರು ಸಣ್ಣದು, ಚಂದಾದಾರರು ಕಮ್ಮಿ. ಒಲೆ ಉರಿಯುತ್ತಿದ್ದದ್ದು ಕರಪತ್ರ, ಬಿಲ್ ಪುಸ್ತಕ ಅಚ್ಚುಹಾಕಿ ಮತ್ತು ಸರ್ಕಾರಿ ಜಾಹೀರಾತಿನಿಂದ. ಸರ್ಕಾರಿ ಜಾಹೀರಾತು ಹೋಗುತ್ತಿದ್ದದ್ದು ಆಳುವ ಪಕ್ಷದ ಪತ್ರಿಕೆಗೆ. ಹಾಗಾಗಿ ಚುನಾವಣೆಯಲ್ಲಿ ತನ್ನ ಪಕ್ಷ ಸೋತರೆ ಮಾಲೀಕನ ಗಲ್ಲಾಪೆಟ್ಟಿಗೆಗೂ ಹೊಡೆತ. ಸ್ಕಾಟ್ ಒಂದು ಕೋಣೆ ಬಿಟ್ಟು ಇನ್ನೊಂದಕ್ಕೆ ಹೋದವನಲ್ಲ, ಪತ್ರಿಕೆ, ರಾಜಕೀಯ ಎರಡೂ ಒಂದೇ ಮನೆ.

ಆತ ಹುಟ್ಟಿದ್ದು 1867ರಲ್ಲಿ, ಒಂಟಾರಿಯೊದಲ್ಲಿ. 1885ರಲ್ಲಿ ಇನ್ನೂ ಹದಿಹರೆಯದ ಹುಡುಗ, ಮ್ಯಾನಿಟೋಬಾದ ಪೋರ್ಟೇಜ್ ಲಾ ಪ್ರೇರಿಗೆ ಬಂದು ಒಂದು ವಾರಪತ್ರಿಕೆಯ ಪ್ರೆಸ್ಸಿಗೆ ಸೇರಿಕೊಂಡ. ಅಂಥ ಹುಡುಗರ ಕೆಲಸ ಅಚ್ಚುಕೂಟ ಕಂಡವರಿಗೆ ಗೊತ್ತು. ಕಸ ಗುಡಿಸು, ಶಾಯಿ ಹಚ್ಚು, ಅಚ್ಚಾದ ಪುಟ ಬಿಚ್ಚಿ ಒಂದೊಂದೇ ಅಕ್ಷರದ ಮೊಳೆಯನ್ನು ಅದರದರ ಖಾನೆಗೆ ಹಾಕು. ಒಂದು ಅಕ್ಷರ ತಪ್ಪು ಖಾನೆಗೆ ಬಿದ್ದರೆ ಮುಂದಿನ ವಾರ ಯಾರದ್ದೋ ಹೆಸರು ಕೆಟ್ಟು ಅಚ್ಚಾಗುತ್ತದೆ! ಮರುವರ್ಷ ಯಜಮಾನ ರಿಜೈನಾದಲ್ಲಿ ‘ಜರ್ನಲ್’ ಶುರುಮಾಡಿದಾಗ ಸ್ಕಾಟ್ ಅವನ ಹಿಂದೆಯೇ ಬಂದ. ಆಮೇಲೆ ‘ಸ್ಟ್ಯಾಂಡರ್ಡ್’ನಲ್ಲಿ ಪಾಲುದಾರ. 1894ರಲ್ಲಿ ‘ಮೂಸ್ ಜಾ ಟೈಮ್ಸ್’ ಕೊಂಡುಕೊಂಡ. 1895ರಲ್ಲಿ ರಿಜೈನಾದ ‘ಲೀಡರ್’ ಕೂಡ ಕೈಗೆ ಬಂತು.

ಸ್ವಾರಸ್ಯ ಇರುವುದು ಇಲ್ಲೇ. ‘ಲೀಡರ್’ ಮಾರಿದವನು ನಿಕೊಲಸ್ ಫ್ಲಡ್ ಡೇವಿನ್. ಐರ್ಲೆಂಡಿನವನು, ಭಾರಿ ಮಾತುಗಾರ, 1883ರಲ್ಲಿ ಆ ಪತ್ರಿಕೆ ಹುಟ್ಟುಹಾಕಿದವನು, ಕನ್ಸರ್ವೇಟಿವ್ ಪಕ್ಷದ ಸಂಸದ. 1896ರ ಚುನಾವಣೆಯಲ್ಲಿ ಡೇವಿನ್‌ಗೂ ಎದುರಾಳಿಗೂ ಸಮಸಮ ಮತ ಬಿದ್ದು, ಕೊನೆಗೆ ಚುನಾವಣಾಧಿಕಾರಿಯ ಒಂದು ಮತದಿಂದ ಡೇವಿನ್ ಗೆದ್ದ. ಆ ಎದುರಾಳಿ ಜೆ. ಕೆ. ಮೆಕಿನ್ನಿಸ್ ಬೇರೆ ಯಾರೂ ಅಲ್ಲ, ‘ಸ್ಟ್ಯಾಂಡರ್ಡ್’ನಲ್ಲಿ ಸ್ಕಾಟ್‌ನ ಹಳೆಯ ಪಾಲುದಾರ! ಕೈಯಲ್ಲಿ ಪತ್ರಿಕೆ ಇಲ್ಲದೆ ರಾಜಕೀಯ ಆಗಲ್ಲ ಅಂತ ಡೇವಿನ್ 1899ರಲ್ಲಿ ‘ದಿ ವೆಸ್ಟ್’ ಅಂತ ಇನ್ನೊಂದು ಶುರುಮಾಡಿದ. ಆದರೂ 1900ರಲ್ಲಿ ಸೋತ. ಸೋಲಿಸಿದವನು ಲಿಬರಲ್ ಪಕ್ಷದ ವಾಲ್ಟರ್ ಸ್ಕಾಟ್. ತಾನೇ ಕಟ್ಟಿದ ಪತ್ರಿಕೆಯನ್ನು ಕೊಂಡವನಿಂದಲೇ ಸೋಲು. ಮರುವರ್ಷ ಡೇವಿನ್ ವಿನಿಪೆಗ್‌ನಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ.

ಡೇವಿನ್‌ನನ್ನು ಬರೀ ಪಾಪದವನು ಅನ್ನುವಂತೆಯೂ ಇಲ್ಲ ಬಿಡಿ. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ದೂರ ಇಡುವ ವಸತಿಶಾಲೆಗಳಿಗೆ ದಾರಿ ಮಾಡಿಕೊಟ್ಟ 1879ರ ವರದಿ ಅವನದೇ. ಹೆಂಗಸರಿಗೆ ಮತದ ಹಕ್ಕು ಕೊಡಿ ಅಂತ 1895ರಲ್ಲೇ ಸಂಸತ್ತಿನಲ್ಲಿ ಕೇಳಿದವನೂ ಅವನೇ. ಅದು ಆಗ ಬಿದ್ದುಹೋಯಿತು. ಸಸ್ಕಾಚೆವನ್‌ನ ಹೆಂಗಸರಿಗೆ ಆ ಹಕ್ಕು ಸಿಕ್ಕಿದ್ದು 1916ರಲ್ಲಿ, ಸ್ಕಾಟ್ ಸರ್ಕಾರದಲ್ಲಿ. ಅದೂ ಸುಮ್ನೆ ಸಿಗಲಿಲ್ಲ. ‘ಬೇಕು ಅಂತ ಹೆಂಗಸರೇ ತೋರಿಸಲಿ’ ಎಂಬುದು ಸ್ಕಾಟ್‌ನ ಪಟ್ಟು. ಅವರು ಊರೂರು ತಿರುಗಿ ಸಹಿ ಸಂಗ್ರಹಿಸಬೇಕಾಯಿತು.

1905ರ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯ ಹುಟ್ಟಿತು, ಸ್ಕಾಟ್ ಪ್ರೀಮಿಯರ್ ಆದ. ಆ ಡಿಸೆಂಬರ್‌ನ ಚುನಾವಣೆಯಲ್ಲಿ 25 ಸ್ಥಾನಗಳಲ್ಲಿ 16 ಗೆದ್ದ. 1908, 1912ರಲ್ಲೂ ಗೆದ್ದ. ಜನ ಹೊಳೆಯಂತೆ ಬರುತ್ತಿದ್ದ ಕಾಲ ಅದು: 1901ರಲ್ಲಿ ಆ ಸೀಮೆಯಲ್ಲಿ 91,279 ಜನ, 1911ಕ್ಕೆ 4,92,432. ಬಂದವರಲ್ಲಿ ಜಾಸ್ತಿ ರೈತರು. ಅವರ ಸಿಟ್ಟು ಅವರ ಗೋಧಿ ಕೊಂಡು ತುಂಬಿಡುವ, ರೈಲು ಹಳಿ ಪಕ್ಕದ ಎತ್ತರದ ಕಣಜಗಳ ಮೇಲೆ. ಕಣಜದ ಕಂಪನಿ ಹೇಳಿದ್ದೇ ತೂಕ, ಹೇಳಿದ್ದೇ ದರ. ಸರ್ಕಾರವೇ ಕಣಜ ನಡೆಸಲಿ ಎಂದು ರೈತರು ಕೂತರು. ಪಕ್ಕದ ಮ್ಯಾನಿಟೋಬಾ ಹಾಗೆ ಮಾಡಿ ಕೈಸುಟ್ಟುಕೊಂಡಿತು. ಸ್ಕಾಟ್ ಸರ್ಕಾರ 1911ರಲ್ಲಿ ಬೇರೆ ದಾರಿ ಹಿಡಿಯಿತು: ರೈತರ ಸಹಕಾರಿ ಕಂಪನಿ, ಕಣಜ ಕಟ್ಟುವ ಖರ್ಚಿನಲ್ಲಿ ಶೇ 85 ಸರ್ಕಾರದ ಸಾಲ, ಉಳಿದದ್ದು ರೈತರ ಷೇರು ಹಣ. ಆತ ಮಾಡಿದ ಕೆಲಸಗಳಲ್ಲಿ ನನಗೆ ಹಿಡಿಸಿದ್ದು ಇದು.

ನೀವು ಫೋಟೊ ಕಳಿಸಿದ ಶಾಸನಸಭೆಯ ಕಟ್ಟಡವೂ ಆತನ ಹಟದ್ದೇ. ಮೊದಲಿನ ಯೋಜನೆ ಕೆಂಪು ಇಟ್ಟಿಗೆಯದು. ಕೆಲಸ ಶುರುವಾದ ಮೇಲೆ ಖರ್ಚು ಹೆಚ್ಚಾದರೂ ಸರಿ ಅಂತ ಮ್ಯಾನಿಟೋಬಾದ ಟಿಂಡಲ್ ಸುಣ್ಣದಕಲ್ಲಿಗೆ ಬದಲಾಯಿಸಿದರು. ಮುಂದಿನ ಸಲ ಹೋದಾಗ ಗೋಡೆ ಹತ್ತಿರ ನಿಂತು ನೋಡಿ. ಕಲ್ಲಿನಲ್ಲಿ ಕಂದು ಬಣ್ಣದ ಕವಲು ಕವಲಾದ ಗುರುತು, ಹಳೆಯ ಸಮುದ್ರಜೀವಿಗಳ ಅಚ್ಚು ಕಾಣುತ್ತವೆ.

ದೂರುವುದಿದ್ದರೆ ಇದನ್ನು ದೂರಿ ಮೇಷ್ಟ್ರೇ: ಜಾಹೀರಾತು ನಮ್ಮ ಪತ್ರಿಕೆಗೆ ಎಂಬ ಪ್ರೆಸ್ಸಿನ ಪಾಠ, ಸರ್ಕಾರದಲ್ಲಿ ಕೆಲಸ ನಮ್ಮ ಪಕ್ಷದವರಿಗೆ ಅಂತ ಮುಂದುವರಿಯಿತು. ಸ್ಕಾಟ್‌ನ ಸಹೋದ್ಯೋಗಿ ಮಂತ್ರಿ ಜೆ. ಎ. ಕ್ಯಾಲ್ಡರ್ ಅದರಲ್ಲಿ ಪಳಗಿದ ಕೈ. 1916ರಲ್ಲಿ ಲಂಚದ ಆರೋಪ ಸಾಲುಸಾಲಾಗಿ ಬಂತು. ಕೆಲವು ಶಾಸಕರ ಮೇಲೆ ಸಾಬೀತೂ ಆಯಿತು. ಮಂತ್ರಿಗಳು ಪಾರಾದರು.

ಆ ಹೊತ್ತಿಗೆ ಸ್ಕಾಟ್ ಆರೋಗ್ಯ ಕೆಟ್ಟು ಸೋತುಹೋಗಿದ್ದ. 1907ರಲ್ಲಿ ನ್ಯುಮೋನಿಯಾ ಬಂದಾಗಿನಿಂದ ಖಿನ್ನತೆ ಬೆನ್ನುಬಿಡಲಿಲ್ಲ. ಚಳಿಗಾಲ ಬಂತೆಂದರೆ ಬೆಚ್ಚಗಿನ ದೇಶಕ್ಕೆ ಹೋಗುತ್ತಿದ್ದ, ಇಲ್ಲಿ ಕ್ಯಾಲ್ಡರ್ ಆಡಳಿತ ನೋಡಿಕೊಳ್ಳುತ್ತಿದ್ದ. 1916ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟ. ವಯಸ್ಸು ಐವತ್ತೂ ದಾಟಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ, ಪತ್ರಿಕೆಗೆ ವಾಪಸ್ ಬರಲಿಲ್ಲ. 1938ರ ಮಾರ್ಚ್‌ನಲ್ಲಿ ಒಂಟಾರಿಯೊದ ಗ್ವೆಲ್ಫ್‌ನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ‘ಲೀಡರ್’ ಮಾತ್ರ 1930ರಲ್ಲಿ ‘ಪೋಸ್ಟ್’ ಜೊತೆ ಸೇರಿ ‘ಲೀಡರ್-ಪೋಸ್ಟ್’ ಆಯಿತು. ನಿಮ್ಮ ಮಗನ ಊರಿನ ಪತ್ರಿಕೆ ಅದೇ.

– ಸಂಪಾದಕ